ಐದನೇ ಮಂಚದವನ ಅಕ್ಕ

ಐದನೇ ಮಂಚದ ಹಾಸುಬಟ್ಟೆಯನ್ನು ಅವಳು ಎಲ್ಲದಕ್ಕಿಂತ ಕೊನೆಗೆ ಒಗೆಯುತ್ತಿದ್ದಳು.

ಉಳಿದ ಏಳು ಮಂಚದವು ಮುಗಿದು, ಹಿಂಡಿ, ಹಗ್ಗದ ಮೇಲೆ ಸಾಲಾಗಿ ಬಿದ್ದ ಮೇಲೆ ಆ ಸಾಲಿನ ಮರೆಗೆ ಹೋಗಿ ಕೂರುತ್ತಿದ್ದಳು. ಐದನೆಯದನ್ನು ಬಕೆಟ್ಟಿನಿಂದ ತೆಗೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂದಕ್ಕೆ ತಿರುಗಿ, ಮೂಗಿನ ಹತ್ತಿರ ತರುತ್ತಿದ್ದಳು. ಕುಡಿತ ಬಿಡಲು ಬಂದವನ ಮೊದಲ ಮೂರು ದಿನದ ಬಟ್ಟೆ ನೀರಿಗೆ ಹಾಕುವ ಮೊದಲೇ ಒದ್ದೆ. ಬೆವರು, ವಾಂತಿ, ಒಮ್ಮೊಮ್ಮೆ ಉಚ್ಚೆ. ಹಳಸಿದ ಹುಳಿಯ ವಾಸನೆ. ಐದಾರು ದಿನಕ್ಕೆ ಆ ಹುಳಿ ಇಳಿಯುತ್ತದೆ. ಹತ್ತು ದಿನ ಕಳೆದರೆ ಬರೀ ಮನುಷ್ಯನ ವಾಸನೆ. ಒಂಬತ್ತು ವರ್ಷ ಒಗೆದ ಕೈ. ಯಾರು ದಾರಿಗೆ ಬಂದರು, ಯಾರು ಕದ್ದು ಕುಡಿದು ಬಂದರು ಎನ್ನುವುದು ಡಾಕ್ಟರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಐದನೆಯದು ಇನ್ನೂ ಹುಳಿ ಹುಳಿ ನಾರುತ್ತಿತ್ತು. ಬಂದು ಎರಡೇ ದಿನ.

ಐದನೇ ಮಂಚದವನು ಅವಳ ತಮ್ಮ. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಜಾಗವೆಂದರೆ ಊರ ಅಂಚಿಗಿದ್ದ ಪುರಸಭೆಯ ಹಳೆಯ ಉಗ್ರಾಣ. ಮುಂದೆ ಜಗಲಿ, ಒಳಗೆ ಎಂಟು ಕಬ್ಬಿಣದ ಮಂಚ, ಹಿಂದೆ ಬಾವಿ, ಒಗೆಯುವ ಕಲ್ಲು, ಕಲ್ಲಿಗೆ ತಾಗಿದಂತೆ ಮರದ ಬಾಗಿಲಿನ ಒಂದು ತಗಡಿನ ಕೊಟ್ಟಿಗೆ. ಫಲಕದಲ್ಲಿ ವ್ಯಸನಮುಕ್ತಿ ಕೇಂದ್ರ ಎಂದು ಬರೆದಿತ್ತು. ಊರಿನವರ ಬಾಯಲ್ಲಿ ಅದು ಕುಡುಕರ ಆಸ್ಪತ್ರೆ. ಡಾಕ್ಟರು ವಾರಕ್ಕೆ ಎರಡು ದಿನ ಬಂದು ಹೋಗುತ್ತಿದ್ದರು. ಹಗಲು ಒಬ್ಬಳು ದಾದಿ. ಸಂಜೆ ಅವಳು ಹೋದ ಮೇಲೆ ಯಾರಿಗೆ ಏನಾದರೂ ಅವರವರೇ ದಿಕ್ಕು. ರಾತ್ರಿಗೊಬ್ಬ ದಾದಿ ಬೇಕೆಂದು ಮೇಲ್ವಿಚಾರಕ ಮೂರು ವರ್ಷದಿಂದ ಪುರಸಭೆಗೆ ಕಾಗದ ಬರೆಯುತ್ತಿದ್ದ. ದಾದಿ ಬರಲಿಲ್ಲ. ಅದರ ಬದಲು ರಸ್ತೆಯ ಕಡೆಗೆ ಒಂದು ಕಮಾನು ಬಂತು. ಸಿಮೆಂಟಿನ ಕಮಾನು, ಎರಡೂ ಕಂಬದ ಮೇಲೆ ಅಧ್ಯಕ್ಷರ ಚಿತ್ರ.

ತಮ್ಮನನ್ನು ಅವಳೇ ಕರೆತಂದಿದ್ದಳು. ಕಮಾನಿನ ತನಕ ಬಂದು, "ನೀನು ಮುಂದೆ ಹೋಗು, ನಾನು ಹಿಂದಿನ ಬಾಗಿಲಿಂದ ಬರ್ತೀನಿ" ಎಂದು ಬಿಟ್ಟುಬಿಟ್ಟಿದ್ದಳು. ಅವನು ಒಬ್ಬನೇ ತೂರಾಡಿಕೊಂಡು ಹೋಗಿ ಜಗಲಿಯಲ್ಲಿ ಕೂತ. ಮೇಲ್ವಿಚಾರಕ ದೊಡ್ಡ ಪುಸ್ತಕ ತೆರೆದು ಕೇಳಿದ್ದು ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಅವಳಿಗೂ ಕೇಳಿಸಿತ್ತು.

"ಯಾರಿದ್ದಾರಪ್ಪ ನಿನ್ನ ಕಡೆಯವರು?"

ತಮ್ಮ ಒಮ್ಮೆ ಕೆಮ್ಮಿದ. ಆಮೇಲೆ ಹೇಳಿದ. "ಯಾರೂ ಇಲ್ಲ ಅಂತ ಬರ್ಕೊಳ್ಳಿ."

ಹಾಗೆ ಹೇಳು ಎಂದು ಅವಳು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಅವನಿಗೆ ಅವಳು ಗೊತ್ತಿದ್ದಳು.

ಅವರ ಅಪ್ಪನೂ ಕುಡಿಯುತ್ತಿದ್ದ. ಹನ್ನೊಂದು ವರ್ಷದವಳಿದ್ದಾಗ ಅವಳು ಪೇಟೆಯ ನಡುವೆ ಬಿದ್ದಿದ್ದ ಅಪ್ಪನನ್ನು ಬಟ್ಟೆ ಸಾಗಿಸುವ ತಳ್ಳುಗಾಡಿಗೆ ಹಾಕಿಕೊಂಡು ಮನೆಗೆ ತಂದಿದ್ದಳು. ಮೇಲೆ ಅಪ್ಪ, ಕೆಳಗೆ ಯಾರದೋ ಮನೆಯ ಮಡಚಿದ ಬಟ್ಟೆ. ದಾರಿಯುದ್ದಕ್ಕೂ ಅಂಗಡಿಯವರು ನಕ್ಕಿದ್ದರು. "ಇವತ್ತಿನ ಮೈಲಿಗೆ ಬಟ್ಟೆ ಭಾರ ಜಾಸ್ತಿ ಇದೆ ಕಣೇ" ಎಂದಿದ್ದ ಒಬ್ಬ. ಮಾರನೆಯ ದಿನದಿಂದ ನಾಲ್ಕು ಮನೆಯವರು ಬಟ್ಟೆ ಕೊಡುವುದನ್ನು ಬಿಟ್ಟರು. ಕುಡುಕರ ಮನೆಗೆ ಬಟ್ಟೆ ಹೋದರೆ ಅರ್ಧ ವಾಪಸ್ಸು ಬರುವುದಿಲ್ಲ ಎಂದು ಮಾತಾಯಿತು. ಆ ನಗು ಅವಳ ಕಿವಿಯಲ್ಲಿ ಮನೆಮಾಡಿ ನಲವತ್ತು ವರ್ಷವಾಗಿತ್ತು.

ಕೇಂದ್ರದಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಮೇಲ್ವಿಚಾರಕ, ದಾದಿ, ರೋಗಿಗಳು ಎಲ್ಲರೂ. ತಮ್ಮನೂ ಅಕ್ಕ ಎಂದೇ ಕರೆದ. ಯಾರ ಕಣ್ಣಿಗೂ ಅದು ಬೀಳಲಿಲ್ಲ.

*

ಬುಧವಾರ ಮೇಲ್ವಿಚಾರಕ ಬಾವಿಯ ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ. ರೋಗಿಗಳ ವಾಂತಿ ತಾನೇ ಬಳಿಯುತ್ತಿದ್ದ, ಮನೆಯಿಂದ ಹಳೆಯ ಅಂಗಿ ತಂದು ಕೊಡುತ್ತಿದ್ದ. ಆದರೆ ಪುರಸಭೆಯ ಹೆಸರೆತ್ತಿದರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು.

"ಅಕ್ಕ, ಶುಕ್ರವಾರ ತಪಾಸಣೆ. ಅಧ್ಯಕ್ಷರು, ಸದಸ್ಯರು, ಎಲ್ಲ ಬರ್ತಾರೆ. ಅವರು ನೋಡಿ ತಲೆ ಆಡಿಸಿದ್ರೆ ಬರೋ ವರ್ಷದ ಅನುದಾನ. ಇಲ್ಲ ಅಂದ್ರೆ ಬೀಗ."

"ಬರ್ಲಿ ಬಿಡಿ. ಬಟ್ಟೆ ಎಲ್ಲ ಒಗೆದಿರ್ತೀನಿ."

"ಬಟ್ಟೆ ಅಲ್ಲ ಅಕ್ಕ ವಿಷಯ." ಅವನು ದನಿ ತಗ್ಗಿಸಿದ. "ಹೋದ ವರ್ಷ ಏನಾಯ್ತು ನೆನಪಿದೆಯಲ್ಲ."

ನೆನಪಿತ್ತು. ಒಬ್ಬ ರೋಗಿ ಅಧ್ಯಕ್ಷರಿಗೆ ತಾನೇ ಚಹಾ ಕೊಡುತ್ತೇನೆಂದು ಆಸೆಪಟ್ಟು ಹೋಗಿದ್ದ. ಬಂದು ನಾಲ್ಕು ದಿನವಾಗಿತ್ತು ಅವನಿಗೆ. ಕೈ ನಡುಗಿ ಚಹಾ ಪೂರ್ತಿ ಅಧ್ಯಕ್ಷರ ಬೂಟಿನ ಮೇಲೆ ಹೋಯಿತು. ಅಧ್ಯಕ್ಷರು ಬೂಟು ಒರೆಸಿಕೊಳ್ಳುತ್ತ, "ವರ್ಷಪೂರ್ತಿ ದುಡ್ಡು ಸುರಿದರೂ ಇವರು ಇನ್ನೂ ನಡುಗ್ತಾನೇ ಇದ್ದಾರಲ್ಲ, ಮತ್ತೆ ನೀವು ಮಾಡಿದ್ದೇನು?" ಎಂದು ಕೇಳಿದ್ದರು. ಆ ಸಲ ಎರಡು ಮಂಚದ ಅನುದಾನ ಕಡಿತವಾಯಿತು. ಹತ್ತಿದ್ದದ್ದು ಎಂಟಾಯಿತು.

"ಈ ಸಲ ನಡುಗೋರು ಯಾರೂ ಒಳಗಿರಬಾರದು" ಎಂದ ಮೇಲ್ವಿಚಾರಕ. "ಎರಡು, ಐದು, ಏಳು. ಮೂವರನ್ನೂ ಒಂದು ಗಂಟೆ ನಿಮ್ಮ ಕೊಟ್ಟಿಗೆಯಲ್ಲಿ ಕೂರಿಸಿ. ಆ ಮಂಚಗಳಿಗೆ ಪೇಟೆಯಿಂದ ಮೂರು ಜನ ಹಮಾಲಿಗಳನ್ನ ಹೇಳಿದ್ದೀನಿ. ಗಟ್ಟಿ ಆಳುಗಳು. ಅವರು ಮಲಗಿರ್ತಾರೆ."

"ಕಾಯಿಲೆಯೋರನ್ನ ಎಬ್ಬಿಸಿ ಕಾಯಿಲೆ ಇಲ್ಲದೋರನ್ನ ಮಲಗಿಸೋದಾ?"

"ನಂಗೇನು ಖುಷಿನಾ ಅಕ್ಕ?" ಅವನ ಮುಖ ಕಪ್ಪಿಟ್ಟಿತು. "ಅವರಿಗೆ ಗುಣವಾದೋರು ಬೇಕು. ಗುಣ ಆದೋರು ಮನೆಗೆ ಹೋಗಿರ್ತಾರೆ, ಇಲ್ಯಾಕೆ ಮಲಗಿರ್ತಾರೆ? ಇದನ್ನ ಆ ದೊಡ್ಡೋರಿಗೆ ಹೇಳೋನು ಯಾರು? ಬಾಗಿಲಿಗೆ ಅಗಣಿ ಹಾಕಿ. ನೀವು ಹೊರಗೆ ಒಗೀತಾ ಇರಿ, ಆ ಕಡೆ ಯಾರೂ ಸುಳಿಯದ ಹಾಗೆ."

ಅವಳು ಆಗಲಿ ಎಂದಳು. ಆಗುವುದಿಲ್ಲ ಎಂದಿದ್ದರೆ ಯಾಕೆ ಎಂದು ಅವನು ಕೇಳುತ್ತಿದ್ದ. ಆ 'ಯಾಕೆ'ಗೆ ಅವಳಲ್ಲಿದ್ದದ್ದು ಒಂದೇ ಉತ್ತರ.

*

ಶುಕ್ರವಾರ ಹತ್ತು ಗಂಟೆಗೆ ಮೂವರನ್ನೂ ಕೊಟ್ಟಿಗೆಗೆ ಕರೆದೊಯ್ದಳು. ಎರಡನೇ ಮಂಚದವನು ಬಸ್ಸಿನ ಡ್ರೈವರಾಗಿದ್ದವನು, ಏಳನೆಯವನು ದರ್ಜಿ. ತಮ್ಮನಿಗೆ ಕಾಲೂರಲು ಆಗುತ್ತಿರಲಿಲ್ಲ. ಹೆಗಲಿಗೆ ಹಾಕಿಕೊಂಡು ನಡೆಸಿದಳು. ಅವನ ಗಲ್ಲ ಅವಳ ಭುಜಕ್ಕೆ ತಟತಟ ಬಡಿಯುತ್ತಿತ್ತು.

"ನಮ್ಮನ್ನೂ ಒಗೆದು ಒಣಗಹಾಕ್ತೀಯೇನಕ್ಕ?" ಎಂದ ಡ್ರೈವರ್.

"ಹಿಂಡೋದು ಮಾತ್ರ ಬೇಡ" ಎಂದ ತಮ್ಮ. "ಒಳಗೆ ಏನೂ ಉಳಿದಿಲ್ಲ."

ಮೂವರೂ ನಕ್ಕರು. ಅವಳೂ ನಕ್ಕಳು. ಕೊಳೆಬಟ್ಟೆಯ ಗಂಟಿನ ಮೇಲೆ ಅವರನ್ನು ಕೂರಿಸಿ, ಒಂದು ಚೊಂಬು ನೀರಿಟ್ಟು ಹೊರಗೆ ಬಂದಳು. ಬಾಗಿಲೆಳೆದು ಅಗಣಿ ಹಾಕಿದಳು. ಹಳೆಯ ಕಬ್ಬಿಣ, ಸುಲಭಕ್ಕೆ ಜಾರುವುದಿಲ್ಲ. ಅಂಗೈಯಿಂದ ಗುದ್ದಿ ಕೂರಿಸಿದಳು.

ಹನ್ನೊಂದಕ್ಕೆ ಕಾರುಗಳು ಬಂದವು. ಜಗಲಿಯಲ್ಲಿ ಹೂಗುಚ್ಛ, ಚಪ್ಪಾಳೆ. ಅವಳು ಕಲ್ಲಿನ ಮುಂದೆ ನಿಂತು ಒಗೆಯತೊಡಗಿದಳು. ಎಲ್ಲ ಬಟ್ಟೆಯೂ ನಿನ್ನೆಯೇ ಆಗಿತ್ತು. ಒಗೆದದ್ದನ್ನೇ ಮತ್ತೆ ನೆನೆಸಿಕೊಂಡಿದ್ದಳು.

ಕಿಟಕಿಯಿಂದ ಒಳಗಿನ ಮಾತು ಕೇಳಿಸುತ್ತಿತ್ತು. ಐದನೇ ಮಂಚದ ಮೇಲಿದ್ದ ಹಮಾಲಿ ಎದ್ದು ನಿಂತು, ಹೇಳಿಕೊಟ್ಟ ಮಾತನ್ನು ಮೂಟೆ ಇಳಿಸಿದ ಹಾಗೆ ಒಂದೇ ಉಸಿರಿಗೆ ಇಳಿಸಿದ.

"ನಾನು ಇಪ್ಪತ್ತು ವರ್ಷ ಕುಡೀತಿದ್ದೆ. ಪುರಸಭೆಯವರ ದಯದಿಂದ ಬಿಟ್ಟೆ. ಈಗ ನನ್ನ ಕೈ ನಡುಗಲ್ಲ."

"ಎಲ್ಲಿ, ಕೈ ಚಾಚು ನೋಡೋಣ." ಅಧ್ಯಕ್ಷರ ದನಿ.

ಕ್ವಿಂಟಲ್ ಮೂಟೆ ಎತ್ತುವ ಕೈ. ತೊಲೆಯ ಹಾಗೆ ನಿಂತಿರಬೇಕು. ಒಳಗೆ ಚಪ್ಪಾಳೆಯಾಯಿತು.

ಆಗ ಕೊಟ್ಟಿಗೆಯಲ್ಲಿ ಚೊಂಬು ಉರುಳಿದ ಸದ್ದಾಯಿತು.

ಅದರ ಹಿಂದೆಯೇ ಏನೋ ತಗಡಿಗೆ ಬಡಿಯತೊಡಗಿತು. ಕೈಯಿಂದ ತಟ್ಟಿದ ಹಾಗಲ್ಲ. ಬಿಡುವಿಲ್ಲದೆ, ಒಂದೇ ಸಮ, ದಡದಡ. ಒಂಬತ್ತು ವರ್ಷದಲ್ಲಿ ಆ ಸದ್ದನ್ನು ಅವಳು ನಾಲ್ಕಾರು ಸಲ ಕೇಳಿದ್ದಳು. ಫಿಟ್ಸ್. ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಬರುವುದು. ತಲೆ ಹಿಡಿದುಕೊಳ್ಳಬೇಕು, ಪಕ್ಕಕ್ಕೆ ಹೊರಳಿಸಬೇಕು, ದಾದಿಯನ್ನು ಕೂಗಬೇಕು. ಎಲ್ಲವೂ ಗೊತ್ತಿತ್ತು.

"ಅಕ್ಕಾ!" ಡ್ರೈವರ್ ಒಳಗಿನಿಂದ ಕೂಗಿದ. "ಬಾಗಿಲು ತೆಗಿ! ಐದನೆಯೋನು ಬಿದ್ದ!"

ಅವಳು ಬಾಗಿಲ ಹತ್ತಿರ ಹೋದಳು. ಕೈ ಅಗಣಿಯ ಮೇಲಿತ್ತು. ಜಗಲಿಯ ತಿರುವಿನಲ್ಲಿ ಬೂಟುಗಳ ಸದ್ದಾಯಿತು. ಅಧ್ಯಕ್ಷರು ಹಿತ್ತಲು ನೋಡಲು ಬರುತ್ತಿದ್ದರು. ಬಾಗಿಲು ತೆಗೆದರೆ ಹುಚ್ಚಿಯ ಹಾಗೆ ಅವನ ತಲೆಯನ್ನು ತೊಡೆಗೆ ಹಾಕಿಕೊಳ್ಳುತ್ತಾಳೆ. ಅದು ಅವಳಿಗೆ ಗೊತ್ತಿತ್ತು. ಆಗ ಯಾರು ಇವನು ಎಂದು ಅವರು ಕೇಳುತ್ತಾರೆ. ಅನುದಾನ, ಎಂಟು ಮಂಚ, ಮೇಲ್ವಿಚಾರಕನ ಬಾಗಿದ ಬೆನ್ನು, ಅವೆಲ್ಲ ಆಮೇಲೆ ತಾನೇ ತನಗೆ ಹೇಳಿಕೊಂಡ ಕಾರಣಗಳು. ಆ ಕ್ಷಣಕ್ಕೆ ಕಿವಿಯಲ್ಲಿ ಇದ್ದದ್ದು ಪೇಟೆಯ ನಗು.

ಅವಳು ಅಗಣಿ ಬಿಟ್ಟಳು. ಕಲ್ಲಿನ ಹತ್ತಿರ ಬಂದು ಒದ್ದೆ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಬಡಿದಳು. ಮತ್ತೆ ಬಡಿದಳು. ಒಳಗಿನ ದಡದಡ ಹೊರಗೆ ಕೇಳಿಸದ ಹಾಗೆ, ಅದಕ್ಕೆ ಸರಿಯಾಗಿ, ಅದಕ್ಕಿಂತ ಜೋರಾಗಿ. ನೀರು ಮುಖಕ್ಕೆ ರಾಚುತ್ತಿತ್ತು. ಬಟ್ಟೆಯ ಅಂಚು ಹರಿಯಿತು. ನಿಲ್ಲಿಸಲಿಲ್ಲ.

ಅಧ್ಯಕ್ಷರು ಜಗಲಿಯ ಕೊನೆಯಲ್ಲಿ ನಿಂತು ನೋಡಿದರು.

"ಪರವಾಗಿಲ್ಲ, ಹೆಂಗಸು ಚೆನ್ನಾಗಿ ಕೆಲಸ ಮಾಡ್ತಾಳೆ" ಎಂದು ಮೇಲ್ವಿಚಾರಕನಿಗೆ ಹೇಳಿ ಹಿಂದಿರುಗಿದರು.

*

ಬಾಗಿಲು ತೆಗೆದಾಗ ತಮ್ಮ ಮೂಲೆಯಲ್ಲಿ ಬಿದ್ದಿದ್ದ. ದರ್ಜಿ ಅವನ ತಲೆ ಹಿಡಿದುಕೊಂಡು ಅಳುತ್ತಿದ್ದ. ಹಿಡಿದ ಕೈಯೂ ನಡುಗುತ್ತಿತ್ತು. ತಮ್ಮನ ಹುಬ್ಬಿನ ಮೇಲೆ ಸೀಳಿತ್ತು. ನಾಲಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಉಸಿರಿತ್ತು. ದಾದಿ ಓಡಿಬಂದು ಸೂಜಿ ಕೊಟ್ಟಳು. ಡಾಕ್ಟರು ಮಾರನೆಯ ದಿನ ಬಂದು ನಾಲ್ಕು ಹೊಲಿಗೆ ಹಾಕಿದರು.

ಮೂರು ದಿನ ಅವನು ಮಾತಾಡಲಿಲ್ಲ. ನಾಲ್ಕನೆಯ ದಿನ ಅವಳು ಹಾಸುಬಟ್ಟೆ ಬದಲಾಯಿಸುತ್ತಿದ್ದಾಗ, ಊದಿದ ನಾಲಗೆಯನ್ನು ಹೊರಳಿಸಿ ಮೆಲ್ಲಗೆ ಹೇಳಿದ.

"ಅಕ್ಕ, ನಿನ್ನ ಹಿಮ್ಮಡಿ ಭಾಳ ಒಡೆದಿದೆ. ಏನಾದ್ರೂ ಹಚ್ಕೋ."

"ನನ್ನ ಹಿಮ್ಮಡಿ ನೀನೆಲ್ಲಿ ನೋಡ್ದೆ?"

"ಬಾಗಿಲ ಕೆಳಗೆ ಸಂದಿ ಇದೆಯಲ್ಲ. ಬೀಳೋ ಮುಂಚೆ ಕಾಣ್ತು. ಎದ್ದ ಮೇಲೂ ಕಾಣ್ತು." ಸ್ವಲ್ಪ ತಡೆದು ಹೇಳಿದ, "ನೀನು ಅಲ್ಲೇ ಇದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಬಟ್ಟೆಯನ್ನು ಎದೆಗೆ ಅವುಚಿಕೊಂಡು ಹಿತ್ತಲಿಗೆ ಹೋದಳು. ಬಾವಿಯಿಂದ ಒಂದು ಕೊಡ ನೀರು ಸೇದಿ ಕಾಲ ಮೇಲೆ ಸುರಿದುಕೊಂಡಳು. ಇನ್ನೊಂದು ಕೊಡ ಸುರಿದುಕೊಂಡಳು. ಕಾಲುಗಳನ್ನು ಎಲ್ಲಿ ಮುಚ್ಚಿಡಬೇಕೋ ತಿಳಿಯಲಿಲ್ಲ.

ಬುಧವಾರ ಮೇಲ್ವಿಚಾರಕ ತಮ್ಮನ ಕೈಗೆ ಅವನ ಚೀಲ ಕೊಟ್ಟ. ಅಧ್ಯಕ್ಷರ ಮುಂದೆ ಕುಡಿತ ಬಿಟ್ಟೆ ಎಂದದ್ದು ಐದನೇ ಮಂಚದವನೊಬ್ಬನೇ, ತಪಾಸಣೆಯ ಕಾಗದದಲ್ಲಿ ಅವನು ಗುಣವಾಗಿದ್ದ. ಗುಣವಾದವನು ಮನೆಗೆ ಹೋಗಬೇಕು. ಹಾಗೆ ಹೋದವನಿಗೆ ವರ್ಷ ತುಂಬುವವರೆಗೆ ಮತ್ತೆ ಮಂಚ ಕೊಡುವ ಹಾಗಿಲ್ಲ, ಪುರಸಭೆಯ ಕಟ್ಟಳೆ. "ನನ್ನ ಕೈಯಲ್ಲಿಲ್ಲಪ್ಪ" ಎಂದ, ಕಣ್ಣೆತ್ತದೆ. ತಮ್ಮ ತಲೆಯಾಡಿಸಿದ. ಕಮಾನಿನ ಕೆಳಗೆ ಹೋಗುವಾಗ ಒಮ್ಮೆ ಹಿತ್ತಲ ಕಡೆ ನೋಡಿದ. ಅವಳು ಹಗ್ಗದ ಮೇಲಿನ ಬಟ್ಟೆಯ ಹಿಂದೆ ನಿಂತಿದ್ದಳು.

ಅವನು ಅವಳ ಮನೆಗೆ ಬರಲಿಲ್ಲ. ವಾರದೊಳಗೆ ಇಟ್ಟಿಗೆ ಗೂಡಿನ ಹಿಂದೆ ಬಾಟಲಿಯೊಂದಿಗೆ ಕಂಡನೆಂದು ಯಾರೋ ಹೇಳಿದರು. ಅವಳು ಹೋಗಿ ನೋಡಿದಳು. ಬಿಸಿ ಬೂದಿಯ ಪಕ್ಕ ಮುದುಡಿಕೊಂಡಿದ್ದ. ಹೊಲಿಗೆ ಬಿಚ್ಚಿರಲಿಲ್ಲ. ಬಾ ಎಂದಳು. "ಎಲ್ಲಿಗೆ?" ಎಂದ. ಅವಳು ಒಬ್ಬಳೇ ವಾಪಸ್ಸು ಬಂದಳು.

*

ತಿಂಗಳು ಕಳೆದ ಮೇಲೆ ಹಮಾಲಿ ಬಂದ. ಐದನೇ ಮಂಚದಲ್ಲಿ ಮಲಗಿದ್ದ ಹಮಾಲಿ. ಎತ್ತರದ ಗಟ್ಟಿ ಮನುಷ್ಯ, ಮುಖದಲ್ಲಿ ಕಳೆ ಇರಲಿಲ್ಲ.

"ಅಕ್ಕ, ನನ್ನ ಮಾನ ಮೂರು ಕಾಸಿಗೆ ಹೋಯ್ತು."

"ಏನಾಯ್ತಪ್ಪ?"

"ಪುರಸಭೆ ಕಚೇರಿ ಮುಂದೆ ಬೋರ್ಡು ಹಾಕವ್ರೆ. ನನ್ನ ಮುಖ ಇಷ್ಟುದ್ದ. ಕೆಳಗೆ, ಕುಡಿತದಿಂದ ಮುಕ್ತನಾದ ಭಾಗ್ಯಶಾಲಿ ಅಂತ. ಜೀವನದಲ್ಲಿ ತೊಟ್ಟು ಮುಟ್ಟಿದೋನಲ್ಲ ನಾನು! ಈಗ ಪೇಟೇಲಿ ನನ್ನ ಹೆಸರೇ ಹೋಯ್ತು. 'ಏ ಐದನೇ ಮಂಚ, ಈ ಮೂಟೆ ಎತ್ತೋ' ಅಂತಾರೆ. ಹೋಗ್ಲಿ ಅಂದ್ರೆ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿದೆ. ಅಪ್ಪ ಕುಡುಕನಂತೆ ಅಂದ್ರಂತೆ. ಮಗಳು ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಒಂದು ಗಂಟೆ ಮಲಗಿದ್ದಕ್ಕೆ ಇದಾ?"

ಅವಳು ಅವನನ್ನೇ ನೋಡಿದಳು. ತಾನು ನಲವತ್ತು ವರ್ಷ ಮುಚ್ಚಿಟ್ಟುಕೊಂಡು ತಿರುಗಿದ ಗಂಟು ಇವನ ತಲೆಯ ಮೇಲೆ ಬಿದ್ದಿತ್ತು. ಅದೂ ಇವನದಲ್ಲದ ಗಂಟು.

"ಬೋರ್ಡು ತೆಗೀರಿ ಅಂತ ಕೇಳೋಕೆ ನಾಳಿದ್ದು ಸಭೆಗೆ ಹೋಗ್ತಿದ್ದೀನಿ. ನೀವೊಬ್ಬರು ಬಂದು ಹೇಳಿ ಅಕ್ಕ, ಇವನು ಕುಡುಕ ಅಲ್ಲ ಅಂತ. ಅಷ್ಟೇ ಸಾಕು. ಬೇರೇನೂ ಬೇಡ."

"ಬರ್ತೀನಿ" ಎಂದಳು. ಅಷ್ಟೇ ಹೇಳಿ ಬಂದುಬಿಡಬೇಕು ಎಂದುಕೊಂಡಳು.

*

ಪುರಸಭೆಯ ಸಭಾಂಗಣದಲ್ಲಿ ಹಿಂದುಗಡೆ ಒಂದು ಬೆಂಚು ಸಾರ್ವಜನಿಕರಿಗೆಂದು ಇತ್ತು. ಅವಳು ಅದರ ಮೇಲೆ ಕೂರಲಿಲ್ಲ. ಗೋಡೆಗೆ ಆತು ನಿಂತಳು. ಮುಂದೆ ಮೇಲ್ವಿಚಾರಕ ಕಡತ ಹಿಡಿದು ಕೂತಿದ್ದ.

ಗುಮಾಸ್ತ ಓದಿದ. "ವಿಷಯ ಒಂಬತ್ತು. ವ್ಯಸನಮುಕ್ತಿ ಕೇಂದ್ರಕ್ಕೆ ಅನುದಾನ ಹಾಗೂ ರಾತ್ರಿ ಪಾಳಿಗೆ ಒಬ್ಬ ದಾದಿಯ ನೇಮಕ. ತಪಾಸಣೆಯ ವೇಳೆ ಯಾವ ರೋಗಿಯಲ್ಲೂ ನಡುಕ ಕಂಡುಬಂದಿಲ್ಲ. ಎಲ್ಲರೂ ಆರೋಗ್ಯವಾಗಿದ್ದಾರೆ. ಆದಕಾರಣ ರಾತ್ರಿ ದಾದಿಯ ಅಗತ್ಯವಿರುವುದಿಲ್ಲ. ಅನುದಾನವನ್ನು ಮಾತ್ರ ಮುಂದುವರಿಸಬಹುದು."

"ಸರಿ, ಸರಿ" ಎಂದರು ನಾಲ್ಕಾರು ಸದಸ್ಯರು. ಮೇಲ್ವಿಚಾರಕ ಕಡತದ ದಾರ ಬಿಚ್ಚಿ ಮತ್ತೆ ಕಟ್ಟಿದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಿಸಿನೀರು ಬಿದ್ದ ಹಾಗೆ ಅರ್ಥವಾಯಿತು. ಯಾರೂ ನಡುಗುತ್ತಿರಲಿಲ್ಲ, ಅದಕ್ಕೇ ದಾದಿ ಬೇಡ. ನಡುಗುವವರು ಕೊಟ್ಟಿಗೆಯಲ್ಲಿದ್ದರು. ಅಗಣಿ ಗುದ್ದಿ ಕೂರಿಸಿದ್ದು ಈ ಅಂಗೈ.

ಅಷ್ಟರಲ್ಲಿ ಹಮಾಲಿ ಎದ್ದು ನಿಂತಿದ್ದ. "ಸ್ವಾಮಿ, ಆ ಬೋರ್ಡಿನಲ್ಲಿರೋ ಮುಖ ನಂದು. ನಾನು ಕುಡುಕ ಅಲ್ಲ. ಯಾವತ್ತೂ ಆಗಿರಲಿಲ್ಲ. ದಯವಿಟ್ಟು ತೆಗೆಸಿ."

ಸಭೆ ನಕ್ಕಿತು. "ಮತ್ತೆ ಅವತ್ತು ಇಪ್ಪತ್ತು ವರ್ಷ ಕುಡಿದೆ ಅಂದ್ಯಲ್ಲಯ್ಯ?" ಎಂದರು ಅಧ್ಯಕ್ಷರು.

"ಹೇಳು ಅಂದ್ರು, ಹೇಳ್ದೆ."

"ನೀನಲ್ಲ ಅಂದ್ರೆ ಐದನೇ ಮಂಚದವನು ಯಾರು ಹಾಗಾದ್ರೆ? ಗಾಳೀನಾ?"

ಮತ್ತೆ ನಗು. ಹಮಾಲಿ ಅವಳ ಕಡೆ ತಿರುಗಿದ. ಮೇಲ್ವಿಚಾರಕನೂ ತಿರುಗಿ ಬೇಡ ಎಂಬಂತೆ ಮೆಲ್ಲಗೆ ಕತ್ತು ಅಲುಗಿಸಿದ. ಪೇಟೆಯ ನಗುವೇ ಇದು. ತಳ್ಳುಗಾಡಿಯ ಹಿಂದೆ ಬಂದ ನಗು ಇಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

"ನನ್ನ ತಮ್ಮ" ಎಂದಳು.

ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಐದನೇ ಮಂಚದವನು ನನ್ನ ತಮ್ಮ. ಒಡಹುಟ್ಟಿದೋನು. ಕುಡುಕ."

"ನೀನು ಯಾರಮ್ಮ?"

"ಅಲ್ಲಿ ಬಟ್ಟೆ ಒಗೆಯೋಳು. ಅವತ್ತು ನೀವು ನೋಡಿದ್ರಿ. ಚೆನ್ನಾಗಿ ಕೆಲಸ ಮಾಡ್ತಾಳೆ ಅಂದ್ರಿ."

ಅಧ್ಯಕ್ಷರು ಕನ್ನಡಕ ತೆಗೆದರು.

"ಆ ಹೊತ್ತಿನಲ್ಲಿ ನನ್ನ ಬೆನ್ನ ಹಿಂದೆ ಕೊಟ್ಟಿಗೇಲಿ ಮೂರು ಜನ ಇದ್ರು. ನನ್ನ ತಮ್ಮ ಫಿಟ್ಸ್ ಬಂದು ತಗಡಿಗೆ ತಲೆ ಬಡ್ಕೊಳ್ತಿದ್ದ. ಆ ಸದ್ದು ನಿಮಗೆ ಕೇಳಬಾರದು ಅಂತ ನಾನು ಬಟ್ಟೆ ಬಡೀತಿದ್ದೆ. ಬಟ್ಟೆ ಕೊಳೆ ಇರಲಿಲ್ಲ. ಅಗಣಿ ಹಾಕಿದ್ದು ನಾನು. ಬರ್ಕೊಳ್ಳಿ. ತೆಗೀದೆ ಇದ್ದದ್ದೂ ನಾನು. ಅದನ್ನೂ ಬರ್ಕೊಳ್ಳಿ."

ಯಾರೂ ನಗಲಿಲ್ಲ.

"ಇದೆಲ್ಲ ಈಗ ಯಾಕೆ?" ಎಂದ ಒಬ್ಬ ಸದಸ್ಯ. "ಅನುದಾನ ಮಂಜೂರಾಗ್ತಿದೆ. ಸುಮ್ಮನೆ ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಳ್ತಿದ್ದೀಯ."

"ನಡುಗೋರಿಗೆ ತಾನೇ ಸ್ವಾಮಿ ಆಸ್ಪತ್ರೆ?" ಅವಳ ಕೈ ನಡುಗತೊಡಗಿತ್ತು. ಅದನ್ನು ಬೆನ್ನ ಹಿಂದೆ ಅಡಗಿಸಲು ಹೋದವಳು ಬೇಡವೆಂದು ಮುಂದಕ್ಕೇ ತಂದಳು. "ನಡುಗದೆ ಇರೋರು ಬೇಕು ಅಂದ್ರೆ ಪೇಟೇಲಿ ಸಿಗ್ತಾರೆ, ಈ ಅಣ್ಣನ ಥರದೋರು. ಅವರಿಗೆ ಮಂಚ ಯಾಕೆ? ನಮ್ಮೋರು ಹೊಲಸು ನಾರ್ತಾರೆ. ವಾಂತಿ ಮಾಡ್ತಾರೆ. ನಿಮ್ಮ ಬೂಟಿನ ಮೇಲೆ ಚಹಾ ಚೆಲ್ತಾರೆ. ಅಂಥೋರನ್ನ ನೋಡೋಕಾಗಲ್ಲ ಅಂದ್ರೆ ಬರಬೇಡಿ. ನೀವು ನೋಡಬಾರದು ಅಂತ ನಾವು ಅವರನ್ನ ಕೊಟ್ಟಿಗೇಲಿ ತುಂಬ್ತೀವಿ, ಆಮೇಲೆ ನಡುಕ ಇಲ್ಲ, ದಾದಿ ಬೇಡ ಅಂತೀರಿ. ಇನ್ನು ನಾನು ಆ ಬಾಗಿಲು ಹಾಕಲ್ಲ. ಯಾರು ಹೇಳಿದ್ರೂ ಹಾಕಲ್ಲ."

ಅಧ್ಯಕ್ಷರು ಗುಮಾಸ್ತನ ಕಡೆ ವಾಲಿ ಏನೋ ಹೇಳಿದರು. ಗುಮಾಸ್ತ ಬರೆದುಕೊಂಡ. ವಿಷಯ ಒಂಬತ್ತನ್ನು ವಿಚಾರಣೆಗೆ ಇಡಲಾಯಿತು. ಅಲ್ಲಿಯವರೆಗೆ ಅನುದಾನ ತಡೆಹಿಡಿಯಲಾಯಿತು. ವಿಷಯ ಹತ್ತು, ಬೀದಿದೀಪ.

ಹೊರಗೆ ಮೆಟ್ಟಿಲ ಮೇಲೆ ಮೇಲ್ವಿಚಾರಕ ಅವಳಿಗಾಗಿ ಕಾದಿದ್ದ. "ಎಂಟು ಮಂಚಕ್ಕೂ ಕುತ್ತು ತಂದ್ರಲ್ಲ ಅಕ್ಕ." ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. "ಇನ್ನು ಎರಡು ತಿಂಗಳಿಗೆ ಆಗೋಷ್ಟು ದುಡ್ಡಿದೆ. ಆಮೇಲೆ ಆ ಏಳು ಜನ ಎಲ್ಲಿಗೆ ಹೋಗ್ತಾರೆ?"

ತಾನು ಸರಿ ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ತಡವಾಗಿ ಮಾಡಿದೆ ಎಂದು ಮಾತ್ರ ಅನ್ನಿಸಿತು.

ಹಮಾಲಿ ಬೋರ್ಡಿನ ಕೆಳಗೆ ನಿಂತು ತನ್ನ ಮುಖವನ್ನೇ ನೋಡುತ್ತಿದ್ದ. "ನಿಮ್ಮ ತಮ್ಮ ಅಂತ ಗೊತ್ತಿದ್ರೆ ನಾನು ಆ ಮಂಚದ ಮೇಲೆ ಮಲಗ್ತಿರಲಿಲ್ಲ ಅಕ್ಕ" ಎಂದ. "ಈಗೆಲ್ಲಿದ್ದಾನೆ ಅವನು?"

*

ಮಾರನೆಯ ಬೆಳಿಗ್ಗೆ ಪೇಟೆ ತುಂಬಿದ ಹೊತ್ತಿನಲ್ಲಿ ಅವರು ಇಟ್ಟಿಗೆ ಗೂಡಿನಿಂದ ಹೊರಟರು. ತಮ್ಮನ ಒಂದು ತೋಳು ಅವಳ ಹೆಗಲ ಮೇಲೆ, ಇನ್ನೊಂದು ಹಮಾಲಿಯ ಹೆಗಲ ಮೇಲೆ. ಅಂಗಡಿಯವರು ನೋಡಿದರು. "ಏ ಐದನೇ ಮಂಚ, ಇದ್ಯಾವ ಮೂಟೆಯೋ?" ಎಂದು ಒಬ್ಬ ಕೂಗಿದ.

"ಇವನೇ ಐದನೇ ಮಂಚ. ನಾನಲ್ಲ" ಎಂದ ಹಮಾಲಿ.

"ನನ್ನ ತಮ್ಮ" ಎಂದಳು ಅವಳು, ಆ ಅಂಗಡಿಯವನ ಮುಖ ನೋಡಿ. ಅವಳ ಕಿವಿ ಉರಿಯುತ್ತಿತ್ತು. ಕಾಲು ನಿಲ್ಲಲಿಲ್ಲ.

ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಕಮಾನಿನ ಕೆಳಗಿಂದ ನೇರ ಜಗಲಿಗೆ ಬಂದರು. ಮೇಲ್ವಿಚಾರಕ ಪುಸ್ತಕದ ಮುಂದೆ ಕೂತಿದ್ದ. ಅವರನ್ನು ನೋಡಿ ಪುಸ್ತಕ ಮುಚ್ಚಿದ.

"ಅಕ್ಕ, ಕಾಗದದಲ್ಲಿ ಇವನಿಗೆ ಮಂಚ ಇಲ್ಲ."

"ಮಂಚ ನಾನು ಕೊಡ್ತೀನಿ. ನೀವು ಹೆಸರು ಬರ್ಕೊಳ್ಳಿ."

ಅವನು ನಿಟ್ಟುಸಿರು ಬಿಟ್ಟ. ಪುಸ್ತಕ ತೆರೆದ. ಹೆಸರು, ವಯಸ್ಸು ಬರೆದ. ಕಡೆಯವರು ಎಂಬ ಸಾಲಿಗೆ ಬಂದಾಗ ಲೇಖನಿ ನಿಂತಿತು. ಅವನು ಕೇಳಲಿಲ್ಲ. ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಅವಳಿಗೆ ನಾಲ್ಕಕ್ಷರ ಬರೆಯಲು ಬರುತ್ತಿತ್ತು. ಸೋಪಿನ ನೀರಿಗೆ ಬಿರಿದ ಬೆರಳಿನಿಂದ ಒತ್ತಿ ಒತ್ತಿ ಅಕ್ಕ ಎಂದು ಬರೆದಳು.

ಕೊಟ್ಟಿಗೆಯಲ್ಲಿ ನಾಲ್ಕು ಕಡೆ ಇಟ್ಟಿಗೆ ಜೋಡಿಸಿ ಅವಳು ಒಂದು ಹಲಗೆ ಹಾಕಿದ್ದಳು. ಮೇಲೆ ಕಂಬಳಿ, ಕಂಬಳಿಯ ಮೇಲೆ ಒಗೆದ ಹಾಸುಬಟ್ಟೆ. ಅದರ ಒಂದಂಚು ಹರಿದಿತ್ತು. ಡ್ರೈವರ್ ಮತ್ತು ದರ್ಜಿ ಬಂದು ತಮ್ಮನನ್ನು ಮಲಗಿಸಲು ಕೈಹಚ್ಚಿದರು. ಇಬ್ಬರ ಕೈಯೂ ಈಗ ಅಷ್ಟು ನಡುಗುತ್ತಿರಲಿಲ್ಲ.

ಸಂಜೆ ದಾದಿ ಹೊರಟಳು. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಮತ್ತೊಮ್ಮೆ ಹೇಳಿದಳು. ಇವಳು ತಲೆಯಾಡಿಸಿ, ತಮ್ಮನ ತಲೆಯ ಹತ್ತಿರ ನೆಲದ ಮೇಲೆ ಕಾಲು ಚಾಚಿ ಕೂತಳು. ಬಿಸಿಲು ಇಳಿಯುತ್ತಿತ್ತು. ಬಾವಿ, ಕಲ್ಲು, ಹಗ್ಗದ ಮೇಲಿನ ಏಳು ಬಟ್ಟೆ, ಅದರಾಚೆ ರಸ್ತೆಯಲ್ಲಿ ಹೋಗುವವರು, ಎಲ್ಲ ನೇರ ಕಾಣುತ್ತಿತ್ತು. ಅವರಿಗೂ ಇವರು ಕಾಣುತ್ತಿದ್ದರು. ಒಬ್ಬಿಬ್ಬರು ನಿಂತು ನೋಡಿ ಹೋದರು.

ಅವನಿಗೆ ನಡುಕ ಶುರುವಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಕಣ್ಣು ಅವಳ ಹಿಮ್ಮಡಿಯ ಮೇಲಿತ್ತು.

"ಅಕ್ಕ, ಗಾಳಿ ಬರ್ತಿದೆ. ಬಾಗಿಲೆಲ್ಲಿ?"

"ನಿನ್ನ ಬೆನ್ನಿನ ಕೆಳಗಿದೆ" ಎಂದಳು. "ಮಲಗು."